ಜರ್ನಲಿಸಂ ಓದಿಸುವ ಮುಂಚೆ ಒಂದು ಹಾಳೆ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ಗಲ್ಲಿಯಲ್ಲಿ ನನ್ನ ಆಫೀಸು. ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುತ್ತೇನೆ. ಪತ್ರಿಕೆ ವರದಿಗಾರರು, ಟಿವಿ ಡೆಸ್ಕಿನವರು, ಮದುವೆ ವಿಡಿಯೊ ತೆಗೆಯುವವರು, ಬೆಂಗಳೂರಿನ ಕಂಪನಿಗಳಲ್ಲಿ ಕಮ್ಯುನಿಕೇಶನ್ ಕೆಲಸ ಮಾಡುವವರು ನನ್ನ ಗಿರಾಕಿಗಳಲ್ಲಿ ಇದ್ದಾರೆ. ಅವರ ಹೆಸರು ಪೇಪರಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನೋದು ನಿಮಗೆ ಗೊತ್ತು. ಪಾಸ್‌ಬುಕ್ಕಿಗೆ ಎಷ್ಟು ಬರುತ್ತದೆ ಅನ್ನೋದು ನನಗೆ ಗೊತ್ತು.

ಪಿಯುಸಿ ರಿಸಲ್ಟ್ ಬಂದರೆ ಸಾಕು, ರಿಟರ್ನ್ ಹಾಕಿಸಲು ಬಂದ ಅಪ್ಪಂದಿರು ಎದ್ದು ಹೋಗುವಾಗ ಒಂದು ಪ್ರಶ್ನೆ ಬಿಡುತ್ತಾರೆ. "ಮೇಡಂ, ಮಗಳು ಜರ್ನಲಿಸಂ ಮಾಡ್ತೀನಿ ಅಂತಾಳೆ. ಹಾಕಿದ ದುಡ್ಡು ಹುಟ್ಟುತ್ತಾ?" ಈ ಸಲ ಅದೇ ಪ್ರಶ್ನೆ ನಮ್ಮ ಮನೆಯೊಳಗೇ ಬಂದಿದೆ. ಗುಬ್ಬಿಯಲ್ಲಿರುವ ನಮ್ಮಕ್ಕನ ಮಗಳಿಗೆ ಮೀಡಿಯಾ ಓದಬೇಕು. ಭಾವನಿಗೆ ಅಡಿಕೆ ತೋಟದ ಮೇಲೆ ಇನ್ನೊಂದು ಸಾಲ ಬೇಡ. ಇಬ್ಬರೂ ಸರಿಯೇ. ಅದಕ್ಕೇ ಒಂದು ಹಾಳೆ ತಗೊಂಡು ಗೆರೆ ಎಳೆದು ಕೂತೆವು. ನೀವೂ ಹೀಗೇ ಕೂರಬಹುದು. ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಇಲ್ಲಿ ನಾನು ಹಾಕಿರುವ ಫೀಸು, ಬಾಡಿಗೆ, ಸಂಬಳ ಎಲ್ಲ ಲೆಕ್ಕ ತೋರಿಸಲು ಹಿಡಿದ ಅಂದಾಜು. ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಬರೆದುಕೊಳ್ಳಿ.

ಮೊದಲು ಹೋಲಿಕೆ ಸರಿಯಾಗಿರಲಿ

"ಮೂರು ವರ್ಷ ಓದುವ ಬದಲು ಕೆಲಸಕ್ಕೆ ಹೋಗಿದ್ದರೆ ಎಷ್ಟು ದುಡಿಯುತ್ತಿದ್ದಳು" ಎಂದು ಲೆಕ್ಕ ಶುರು ಮಾಡುವವರಿದ್ದಾರೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲೋ ಅಂಗಡಿಯಲ್ಲೋ ತಿಂಗಳಿಗೆ 13,000 ಅಂತ ಹಿಡಿದರೂ 36 ತಿಂಗಳಿಗೆ 4,68,000 ರೂಪಾಯಿ. ಆ ಮೊತ್ತ ನೋಡಿದ ತಕ್ಷಣ ಯಾವ ಡಿಗ್ರಿಯೂ ಬೇಡ ಅನಿಸುತ್ತದೆ.

ಆದರೆ ನಿಜ ಹೇಳಿ, ನಿಮ್ಮ ಮಗು ಜರ್ನಲಿಸಂ ಸೇರದಿದ್ದರೆ ಫ್ಯಾಕ್ಟರಿಗೆ ಹೋಗುತ್ತಿತ್ತಾ? ನಮ್ಮ ಕಡೆ ಬಹಳ ಮನೆಗಳಲ್ಲಿ ಉತ್ತರ "ಇಲ್ಲ, ಬಿ.ಕಾಂ. ಮಾಡುತ್ತಿದ್ದಳು". ಹಾಗಿದ್ದರೆ ಬಿ.ಕಾಂ.ಗೂ ಅದೇ ಮೂರು ವರ್ಷ ಹೋಗುತ್ತಿತ್ತು. ಆ 4,68,000 ಎರಡೂ ಕಡೆ ಇರುವುದರಿಂದ ಹೊಡೆದು ಹಾಕಿ. ನೀವು ನೋಡಬೇಕಾದ್ದು ಬಿ.ಕಾಂ.ಗಿಂತ ಇದಕ್ಕೆ ಎಷ್ಟು ಜಾಸ್ತಿ ಖರ್ಚು, ಬಿ.ಕಾಂ.ಗಿಂತ ಇದರಿಂದ ಎಷ್ಟು ಜಾಸ್ತಿ ಅಥವಾ ಕಮ್ಮಿ ಆದಾಯ. ನಿಜವಾಗಲೂ ಕೆಲಸಕ್ಕೆ ಹೋಗಲೇಬೇಕಾದ ಮನೆಯಾದರೆ ಮಾತ್ರ ಕಳೆದುಹೋಗುವ ಕೂಲಿಯನ್ನು ಖರ್ಚಿನ ಕಡೆ ಬರೆಯಿರಿ.

ಎಷ್ಟು ವರ್ಷದ ಕೋರ್ಸ್ ಅನ್ನೋದನ್ನೂ ಬಾಯಿಬಿಟ್ಟು ಕೇಳಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷ ಇನ್ನೂ ಇದೆ. ಒಂದು ವರ್ಷ ಹೆಚ್ಚಾದರೆ ಒಂದು ವರ್ಷದ ಫೀಸಿನ ಜೊತೆಗೆ ಒಂದು ವರ್ಷದ ಸಂಬಳವೂ ಹೋಯಿತು.

ಖರ್ಚು ಕಾಲೇಜಿನ ಫೀಸಿನಲ್ಲಷ್ಟೇ ಇಲ್ಲ, ಪಿಜಿ ಬಾಡಿಗೆಯಲ್ಲೂ ಇದೆ

ಮೀಡಿಯಾ ಓದು ಅಂದ ಕೂಡಲೇ ಬೆಂಗಳೂರು ಅನ್ನುತ್ತಾರೆ. ಆದರೆ ಬಿ.ಎ.ಯಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಓದಲು ತುಮಕೂರಿನಲ್ಲೇ ದಾರಿ ಇದೆ. 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಇದೆ. ಸಿದ್ಧಾರ್ಥ ಸಂಸ್ಥೆಯ ಮಾಧ್ಯಮ ಕೇಂದ್ರದವರು 90.8ರಲ್ಲಿ ರೇಡಿಯೊ ಸಿದ್ಧಾರ್ಥ ಅಂತ ಸಮುದಾಯ ಬಾನುಲಿ ನಡೆಸುತ್ತಾರೆ. ಓದುವ ಹೊತ್ತಿನಲ್ಲೇ ಮೈಕ್ ಮುಂದೆ ಕೂರುವ ಅವಕಾಶಕ್ಕೆ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ.

ನಮ್ಮ ಹಾಳೆಯಲ್ಲಿ ಮೂರು ಸಾಲು ಬಂತು. ತುಮಕೂರಿನಲ್ಲಿ ಬಿ.ಕಾಂ.: ಫೀಸು, ಪುಸ್ತಕ, ಓಡಾಟ ಸೇರಿ ಮೂರು ವರ್ಷಕ್ಕೆ 60,000. ತುಮಕೂರಿನಲ್ಲೇ ಪತ್ರಿಕೋದ್ಯಮ ಇರುವ ಬಿ.ಎ.: ಅದೇ 60,000, ಜೊತೆಗೆ ಎಡಿಟಿಂಗ್ ಎಳೆಯುವಂಥ ಲ್ಯಾಪ್‌ಟಾಪಿಗೆ 45,000. ಒಟ್ಟು 1,05,000. ಬೆಂಗಳೂರಿನ ಖಾಸಗಿ ಕಾಲೇಜು: ವರ್ಷಕ್ಕೆ 1,20,000ದಂತೆ ಫೀಸು 3,60,000. ಊಟ ಸೇರಿ ಪಿಜಿ ತಿಂಗಳಿಗೆ 9,000, ವರ್ಷಕ್ಕೆ ಹತ್ತು ತಿಂಗಳಂತೆ 2,70,000. ಲ್ಯಾಪ್‌ಟಾಪ್ 45,000. ಕೈಖರ್ಚು, ಫೋನು ಅಂತ 60,000. ಒಟ್ಟು 7,35,000.

ತುಮಕೂರಿನ ಎರಡು ಡಿಗ್ರಿಗಳ ನಡುವೆ ಇರುವ ವ್ಯತ್ಯಾಸ ಒಂದು ಲ್ಯಾಪ್‌ಟಾಪ್, ಅಷ್ಟೇ. ಅದಕ್ಕೆ ಮನೆಯಲ್ಲಿ ಜಗಳ ಆಡುವುದೇ ಬೇಡ. ನಿಜವಾದ ಪ್ರಶ್ನೆ ತುಮಕೂರಿನ ಡಿಗ್ರಿಗೂ ಬೆಂಗಳೂರಿನ ಡಿಗ್ರಿಗೂ ನಡುವಿನ 6,30,000 ರೂಪಾಯಿಯದು. ಬೆಂಗಳೂರಿನಲ್ಲಿ ಓದಿದ್ದಕ್ಕೆ ತಿಂಗಳಿಗೆ 5,000 ಜಾಸ್ತಿ ಸಂಬಳ ಸಿಗುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 60,000. ಹಾಕಿದ್ದು ವಾಪಸ್ ಬರಲು ಹತ್ತೂವರೆ ವರ್ಷ. ಅದೂ ಬಡ್ಡಿ ಸೇರಿಸದೆ.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ಅನುಕೂಲ ಇದೆ. ಬೀದರಿನವರಿಗೋ ಕಾರವಾರದವರಿಗೋ ಇದು ಇಲ್ಲ. ಬೆಂಗಳೂರು 70 ಕಿಲೋಮೀಟರ್ ದೂರ. ರೈಲಿನ ಸೀಸನ್ ಟಿಕೆಟ್ ತಿಂಗಳಿಗೆ ಕೆಲವೇ ನೂರು ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೇ ಇಲ್ಲ. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೊ ಹತ್ತಿಬಿಡಬಹುದು, ಅದಕ್ಕೆ ಮಾತ್ರ ಕಾಸು ಕೊಡಬೇಕು. ಎರಡು ವರ್ಷ ಹೀಗೆ ಓಡಾಡಿದರೂ ಒಂದೂವರೆ ಲಕ್ಷ ಉಳಿಯುತ್ತದೆ. ಆಗ ವ್ಯತ್ಯಾಸ 4,80,000ಕ್ಕೆ ಇಳಿಯಿತು, ಹತ್ತೂವರೆ ವರ್ಷ ಎಂಟು ವರ್ಷ ಆಯಿತು.

ಮೂರೂ ವರ್ಷ ಓಡಾಡಿಸಬೇಡಿ. ಈ ಕೋರ್ಸಿನ ಬೆಲೆ ಇರುವುದು ಕ್ಲಾಸಿನಲ್ಲಲ್ಲ, ಕೊನೆ ವರ್ಷದ ಇಂಟರ್ನ್‌ಶಿಪ್ಪಿನಲ್ಲಿ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಜೋರಾಗುವುದೇ ಸಂಜೆಯ ಮೇಲೆ. ಟಿವಿಯಲ್ಲಿ ಬೆಳಗಿನ ಶಿಫ್ಟಿಗೆ ಕತ್ತಲಲ್ಲೇ ಹೋಗಬೇಕು. "ಸಾರ್, ಟ್ರೈನಿಗೆ ಟೈಮಾಯ್ತು" ಅಂತ ಆರು ಗಂಟೆಗೆ ಎದ್ದು ಹೊರಡುವ ಹುಡುಗಿಗೆ ಯಾರೂ ಕೆಲಸ ಕಲಿಸುವುದಿಲ್ಲ. ಹಾಗಾಗಿ ಎರಡು ವರ್ಷ ಓಡಾಟ, ಮೂರನೇ ವರ್ಷ ಪಿಜಿ. ಇಂಟರ್ನ್‌ಶಿಪ್ಪಿಗೆ ಎಷ್ಟೋ ಕಡೆ ಕಾಸು ಕೊಡುವುದಿಲ್ಲ. ಬೇಸಿಗೆ ರಜೆಯ ಎರಡು ತಿಂಗಳಾದರೆ ಪಿಜಿಗೆ ಇನ್ನೊಂದು 18,000 ಬರೆಯಿರಿ.

ಸ್ಕಾಲರ್‌ಶಿಪ್ಪನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿಯಲ್ಲಿ ಬಿ.ಎ.ಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಅಂತ ನಿಗದಿಯಾಗಿತ್ತು. ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ಪೋರ್ಟಲ್ಲಿನಲ್ಲಿ ಬೇರೆ ವಿದ್ಯಾರ್ಥಿವೇತನಗಳಿವೆ. ಅರ್ಜಿ ಖಂಡಿತ ಹಾಕಿ. ಆದರೆ ಖಾತೆಗೆ ಬೀಳುವ ತನಕ ಖರ್ಚಿನಿಂದ ಕಳೆಯಬೇಡಿ.

ಇಪ್ಪತ್ತು ಸಾವಿರ ಅಂದರೆ ಎಷ್ಟು?

ಈಗ ಆದಾಯದ ಕಡೆ. ನನ್ನ ಹತ್ತಿರ ಬರುವ ಹುಡುಗರಿಗೆ ಮೊದಲ ತಿಂಗಳೇ ಒಂದು ಆಘಾತ ಆಗುತ್ತದೆ. ಆಫರ್ ಲೆಟರಲ್ಲಿ ತಿಂಗಳಿಗೆ 20,000 ಸಿಟಿಸಿ ಅಂತಿರುತ್ತದೆ, ಅಂದರೆ ನಿಮಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, 10,000 ಅಂತ ಹಿಡಿಯಿರಿ. ಪಿಎಫ್‌ಗೆ ಕಂಪನಿಯ ಪಾಲು ಬೇಸಿಕ್‌ನ ನೂರಕ್ಕೆ 12, ಅಂದರೆ 1,200. ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಕಂಪನಿಯ ಪಾಲು ಪೂರ್ತಿ ಸಂಬಳದ ನೂರಕ್ಕೆ 3.25, ಸುಮಾರು 590. ಇವೆರಡೂ ಆ 20,000ದ ಹೊಟ್ಟೆಯೊಳಗೇ ಇರುತ್ತವೆ. ಉಳಿದಿದ್ದು 18,200 ಚಿಲ್ಲರೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,200, ನಿಮ್ಮ ಇಎಸ್‌ಐ ಸುಮಾರು 140. ಕೈಗೆ ಬರುವುದು ಹತ್ತಿರ ಹತ್ತಿರ 16,900.

ಹಾಗಂತ ಪಿಎಫ್ ಹಿಡಿಯುವ ಕಂಪನಿಯನ್ನು ಬೈಯಬೇಡಿ. ಆ ದುಡ್ಡು ಎಲ್ಲೂ ಹೋಗುವುದಿಲ್ಲ. ಬೈಯಬೇಕಾದ್ದು ಇನ್ನೊಂದು ತರಹದ ಕೆಲಸವನ್ನು. ದಿನಾ ಹಾಜರಿ, ಶಿಫ್ಟು, ರಜೆಗೆ ಅರ್ಜಿ ಎಲ್ಲ ನೌಕರನಂತೆಯೇ ಇರುತ್ತದೆ. ದುಡ್ಡು ಮಾತ್ರ "ಪ್ರೊಫೆಷನಲ್ ಫೀ" ಅಂತ ಕೊಟ್ಟು ನೂರಕ್ಕೆ ಹತ್ತು ಟಿಡಿಎಸ್ ಅಂತ ತೆರಿಗೆ ಮೊದಲೇ ಮುರಿಯುತ್ತಾರೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕಾಯಿಲೆ ಬಿದ್ದರೆ ಏನೂ ಇಲ್ಲ. 20,000ಕ್ಕೆ 18,000 ಕೈಗೆ ಬರುವುದು ನೋಡಿ ಹುಡುಗರು ಇದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಮೀಡಿಯಾದಲ್ಲಿ ಇಂಥ ಕೆಲಸ ಜಾಸ್ತಿ. ಸೇರುವ ದಿನವೇ ಕೇಳಿ: ಪಿಎಫ್ ಇದೆಯಾ, ಇಲ್ಲವಾ? ಮತ್ತೆ ದಯವಿಟ್ಟು ರಿಟರ್ನ್ ಹಾಕಿ. ತಿಂಗಳಿಗೆ 2,000 ಮುರಿದರೆ ವರ್ಷಕ್ಕೆ 24,000. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರಿಗೆ ಅದು ವಾಪಸ್ ಬರುತ್ತದೆ. ಗೊತ್ತಿಲ್ಲದೆ ಬಿಟ್ಟವರನ್ನು ನಾನು ಸಾಕಷ್ಟು ನೋಡಿದ್ದೇನೆ. (ನನ್ನ ಫೀಸಿನ ಆಸೆಗೆ ಹೇಳುತ್ತಿಲ್ಲ, ಪೋರ್ಟಲ್ಲಿನಲ್ಲಿ ನೀವೇ ಹಾಕಿಕೊಳ್ಳಬಹುದು.)

ಸಂಬಳ ಎಷ್ಟು ಬರುತ್ತದೆ ಎಂದು ಕಾಲೇಜಿನ ಪ್ಲೇಸ್‌ಮೆಂಟ್ ಬೋರ್ಡ್ ನೋಡಿ ತಿಳಿಯಬೇಡಿ. ಬೋರ್ಡಿನಲ್ಲಿ ಇರುವುದು ಅತಿ ಹೆಚ್ಚು ಸಿಕ್ಕವರ ಫೋಟೊ. ಅದೇ ಕಾಲೇಜಿನಿಂದ ಐದು ವರ್ಷದ ಹಿಂದೆ ಹೊರಬಂದವರನ್ನು ಹುಡುಕಿ. ಸುದ್ದಿಮನೆಯಲ್ಲೇ ಇರುವವರೊಬ್ಬರು, ಅದನ್ನು ಬಿಟ್ಟು ಹೋದವರೊಬ್ಬರು, ಊರಿಗೆ ವಾಪಸ್ ಬಂದವರೊಬ್ಬರು. ಸಂಬಳ ಎಷ್ಟು ಅಂತ ನೇರವಾಗಿ ಕೇಳಿದರೆ ಮುಜುಗರ ಆಗಬಹುದು. "ಈಗ ಸೇರುವವರಿಗೆ ಎಷ್ಟು ಕೊಡ್ತಾರೆ, ಐದು ವರ್ಷ ಆದವರಿಗೆ ಎಷ್ಟು, ಯಾವ ತಾರೀಖಿಗೆ ಬೀಳುತ್ತೆ" ಅಂತ ಕೇಳಿ. ಕೊನೆಯ ಪ್ರಶ್ನೆ ಮರೆಯಬೇಡಿ. ಸಂಬಳ ಎರಡು ತಿಂಗಳು ತಡವಾದರೆ ಪಿಜಿ ಬಾಡಿಗೆ ಕಟ್ಟುವುದು ಊರಲ್ಲಿರುವ ಅಪ್ಪ.

ಪತ್ರಿಕೆಯವರ ವೇತನಕ್ಕೆ ಮಜೀಠಿಯಾ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆಯಾಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಅದು ಪತ್ರಿಕೆ, ಸುದ್ದಿಸಂಸ್ಥೆಗಳಿಗೆ ಮಾತ್ರ ಆಗಿತ್ತು, ಟಿವಿಗೆ ಇರಲಿಲ್ಲ. ಆದರೆ ತಾಲ್ಲೂಕು ಮಟ್ಟದಲ್ಲಿ ವರದಿ ಮಾಡುವ ನನ್ನ ಗಿರಾಕಿಗಳ ಲೆಕ್ಕದಲ್ಲಿ ನನಗೆ ಕಾಣುವುದು ಗೌರವಧನ, ಜಾಹೀರಾತಿನ ಕಮಿಷನ್, ಅದರ ಜೊತೆಗೆ ಒಂದು ಜೆರಾಕ್ಸ್ ಅಂಗಡಿಯೋ ತೋಟವೋ. ತೋಟ ಇದ್ದವರು ಧೈರ್ಯವಾಗಿ ಬರೆಯುತ್ತಾರೆ ಅನ್ನೋದು ನನ್ನ ಅನುಭವ. ಅದು ಬೇರೆ ವಿಷಯ.

ಹಾಗಾದರೆ ಮೀಡಿಯಾ ಓದಿದವರಲ್ಲಿ ಯಾರ ಪಾಸ್‌ಬುಕ್ ಏರುತ್ತದೆ? ನಾನು ನೋಡಿದಂತೆ ಎರಡು ಭಾಷೆ ಸರಾಗವಾಗಿ ಬರೆಯುವವರದು. ಕನ್ನಡ ಚೆನ್ನಾಗಿ ಬರುವವರು ಬೇಕಾದಷ್ಟಿದ್ದಾರೆ, ಇಂಗ್ಲಿಷ್ ಬರುವವರೂ ಇದ್ದಾರೆ. ಇಂಗ್ಲಿಷಿನ ಪತ್ರವನ್ನು ನಮ್ಮವರಿಗೆ ಅರ್ಥವಾಗುವ ಕನ್ನಡಕ್ಕೆ, ನಮ್ಮ ಊರಿನ ವಿಷಯವನ್ನು ಕಂಪನಿಗೆ ಅರ್ಥವಾಗುವ ಇಂಗ್ಲಿಷಿಗೆ ತರುವವರು ಕಮ್ಮಿ. ಅನುವಾದ, ಸಬ್‌ಟೈಟಲ್, ಜಾಹೀರಾತು ಬರಹ, ಪಿಆರ್ ಏಜೆನ್ಸಿ, ಕಂಪನಿಯ ಒಳಗಿನ ಕಮ್ಯುನಿಕೇಶನ್ ವಿಭಾಗ, ಎನ್‌ಜಿಒ, ಇಲ್ಲೆಲ್ಲ ಕೆಲಸ ಸಿಗುವುದು ಅಂಥವರಿಗೆ. ಜೊತೆಗೆ ಎಡಿಟಿಂಗ್ ಬಂದರೆ ಇನ್ನೂ ಒಳ್ಳೆಯದು. ನ್ಯೂಸ್ ಡೆಸ್ಕ್ ಬಿಟ್ಟು ಕಂಪನಿಯ ಕಮ್ಯುನಿಕೇಶನ್‌ಗೆ ಹೋದ ಮೇಲೆ ಸಂಬಳ ಏರಿದವರ ರಿಟರ್ನ್ ನಾನೇ ಹಾಕಿದ್ದೇನೆ. ಹಾಳೆಯಲ್ಲಿ ಆದಾಯ ಬರೆಯುವಾಗ ಟಿವಿ ಆಂಕರನ್ನು ನೆನೆಸಿಕೊಳ್ಳುವ ಬದಲು ಇವರನ್ನು ನೆನೆಸಿಕೊಳ್ಳಿ.

ಯೂಟ್ಯೂಬ್ ಆದಾಯವನ್ನು ಬರೆಯಲೇಬೇಡಿ. ಜಾಹೀರಾತಿನ ದುಡ್ಡು ಶುರುವಾಗಲು 1,000 ಸಬ್‌ಸ್ಕ್ರೈಬರ್, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಆಮೇಲೂ ದೊಡ್ಡ ವಿಡಿಯೊದ ಜಾಹೀರಾತಿನಲ್ಲಿ ನಿಮ್ಮ ಪಾಲು ನೂರಕ್ಕೆ 55. ಬಂದರೆ ಸಂತೋಷ. ಇದಕ್ಕೆ ಡಿಗ್ರಿ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ ಅನ್ನೋದು ಇನ್ನೂ ಮುಖ್ಯ.

ಮದುವೆ ವಿಡಿಯೊಗೂ ಅದೇ ಮಾತು. ಮುಹೂರ್ತದ ತಿಂಗಳಲ್ಲಿ ಕೈತುಂಬ ಕೆಲಸ. ಆಷಾಢ, ಧನುರ್ಮಾಸದಲ್ಲಿ ಕ್ಯಾಮೆರಾದ ಇಎಂಐ ಮಾತ್ರ ಓಡುತ್ತದೆ. ಒಳ್ಳೆಯ ಸ್ಟುಡಿಯೊದಲ್ಲಿ ನಿಂತು ಕಲಿಯಬಹುದಾದ ಕೆಲಸ ಅದು. ಮಗುವಿಗೆ ಬೇಕಿರುವುದು ಕ್ಯಾಮೆರಾ, ಎಡಿಟಿಂಗ್ ಮಾತ್ರ ಅಂತಾದರೆ ಏಳು ಲಕ್ಷದ ಡಿಗ್ರಿ ಬೇಡ. ಸಾದಾ ಡಿಗ್ರಿ ಮಾಡಿಕೊಂಡು ರಜೆಯಲ್ಲಿ ಅದನ್ನು ಕಲಿಯಲಿ.

ಮೀಡಿಯಾ ಡಿಗ್ರಿಯೇ ಬೇಕಾಗುವ ಜಾಗಗಳೂ ಇವೆ. ಕಾಲೇಜಿನಲ್ಲಿ ಪಾಠ ಮಾಡಲು ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಬರೆಯಬೇಕು. ನೆಟ್‌ನಲ್ಲಿ ಈ ವಿಷಯದ ಕೋಡ್ 63. ಸ್ನಾತಕೋತ್ತರದಲ್ಲಿ ನೂರಕ್ಕೆ 55 ಅಂಕ ಬೇಕು, ಮೀಸಲಾತಿ ಇರುವವರಿಗೆ 50. ಜಿಲ್ಲೆಗಳಲ್ಲಿರುವ ವಾರ್ತಾ ಇಲಾಖೆಯ ಕಚೇರಿಗಳಲ್ಲಿ ಪತ್ರಿಕೋದ್ಯಮ ಓದಿದವರಿಗೆ ಕೆಲಸ ಇದೆ, ಆದರೆ ಹುದ್ದೆಗಳು ಬೆರಳೆಣಿಕೆಯಷ್ಟು. ಸರ್ಕಾರಿ ಕೆಲಸ ಸಿಗುತ್ತದೆ ಅಂತ ಹಾಳೆಯಲ್ಲಿ ಬರೆಯಬೇಡಿ, ಸಿಗಬಹುದು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಇದರಿಂದಾಗಿ ನನಗೆ ಹಿಡಿಸುವ ದಾರಿ ಒಂದಿದೆ. ಮೊದಲ ಡಿಗ್ರಿ ಮನೆ ಹತ್ತಿರ ಕಮ್ಮಿ ಖರ್ಚಿನಲ್ಲಿ ಆಗಲಿ, ಬಿ.ಕಾಂ. ಆದರೂ ಪರವಾಗಿಲ್ಲ. ಆಸೆ ಮೂರು ವರ್ಷದ ನಂತರವೂ ಹಾಗೇ ಇದ್ದರೆ ಎಂ.ಎ. ಅಥವಾ ಒಂದು ವರ್ಷದ ಡಿಪ್ಲೊಮಾಗೆ ದುಡ್ಡು ಹಾಕಿ. ಲೆಕ್ಕಪತ್ರ ಓದಲು ಬರುವ ವರದಿಗಾರ ಎಷ್ಟು ಅಪರೂಪ ಅಂದರೆ, ಬಜೆಟ್ ದಿನ ನನಗೆ ಫೋನ್ ಬರುತ್ತದೆ!

ಸಾಲ ಎಷ್ಟರವರೆಗೆ?

ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 4 ಲಕ್ಷದವರೆಗೆ ಆಸ್ತಿ ಅಡ ಕೇಳುವುದಿಲ್ಲ. ಅಪ್ಪ ಅಮ್ಮ ಜೊತೆಗೆ ಸಹಿ ಹಾಕಬೇಕು. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ ಅನ್ನುತ್ತಾರೆ, ಅದು ನಿಜ. ಬಡ್ಡಿ ಇಲ್ಲ ಅಂತ ಯಾರೂ ಹೇಳಿಲ್ಲ, ಅಲ್ವಾ?

ಲೆಕ್ಕ ನೋಡಿ. 4 ಲಕ್ಷ, ನೂರಕ್ಕೆ 10 ಬಡ್ಡಿ, ಮೂರು ವರ್ಷಗಳಲ್ಲಿ ಸಮ ಕಂತಿನಲ್ಲಿ ತಗೊಂಡಿರಿ. ಮೊದಲ ಭಾಗಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ. ಸರಳ ಬಡ್ಡಿಯೇ 1,20,000. ಕಂತು ಶುರುವಾಗುವ ಹೊತ್ತಿಗೆ ಸಾಲ 5,20,000. ಏಳು ವರ್ಷಕ್ಕೆ ಇಎಂಐ ಸುಮಾರು 8,630. ಕೈಗೆ ಬರುವುದು 16,900. ಪಿಜಿ 9,000. ಕೂಡಿ ನೋಡಿ: 17,630. ಬಸ್ಸು, ಬಟ್ಟೆ, ಜ್ವರದ ಮಾತ್ರೆ ಯಾವುದೂ ಸೇರಿಲ್ಲ, ಆಗಲೇ 730 ಕಮ್ಮಿ ಬಿತ್ತು.

ಓದುವಾಗಲೇ ಭಾವ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ ಇಎಂಐ 6,640ಕ್ಕೆ ನಿಲ್ಲುತ್ತದೆ. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕಿನಲ್ಲಿ ಬಡ್ಡಿಯಲ್ಲಿ ಸ್ವಲ್ಪ ರಿಯಾಯಿತಿಯೂ ಇದೆ, ಕೇಳಿ. ಆದರೂ ಭಾರವೇ.

ನಾನು ಹಾಕಿಕೊಂಡ ಮಿತಿ ಇದು: ಇಎಂಐ ಮೊದಲ ಸಂಬಳದ ಕಾಲು ಭಾಗ ದಾಟಬಾರದು. 16,900ಕ್ಕೆ ಅದು 4,200 ಚಿಲ್ಲರೆ. ಹಿಂದಕ್ಕೆ ಲೆಕ್ಕ ಹಾಕಿದರೆ ಬಡ್ಡಿ ಸೇರಿ ಎರಡೂವರೆ ಲಕ್ಷ, ತಗೊಳ್ಳುವ ಅಸಲು ಎರಡು ಲಕ್ಷದ ಒಳಗೆ. ಅದಕ್ಕಿಂತ ಜಾಸ್ತಿ ಬೇಕಾಗುವ ಕಾಲೇಜಾದರೆ, ಉಳಿದ ದುಡ್ಡು ಮನೆಯ ಉಳಿತಾಯದಿಂದ ಬರಬೇಕು. ತೋಟದ ಮೇಲಿನ ಸಾಲದಿಂದಲ್ಲ, ಒಡವೆ ಅಡ ಇಟ್ಟೂ ಅಲ್ಲ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಲ್ಲಿ ಬಂದ ಯೋಜನೆಯಲ್ಲಿ ಬಡ್ಡಿ ಸಹಾಯ ಇದೆ. ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಕಾಲೇಜಿನ ಹೆಸರು ಪಟ್ಟಿಯಲ್ಲಿದೆಯಾ ಎಂದು ಮೊದಲು ನೋಡಿ.

ಇನ್ನೊಂದು ಸಲ ಇಡೀ ಲೆಕ್ಕವನ್ನು ಕೆಲಸ ಒಂದು ವರ್ಷ ತಡವಾಗಿ ಸಿಕ್ಕಿತು ಅಂತ ಹಿಡಿದು ಮಾಡಿ. ಯುವನಿಧಿಯಲ್ಲಿ ಆರು ತಿಂಗಳು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000ದಂತೆ ಎರಡು ವರ್ಷ ಕೊಡುವ ವ್ಯವಸ್ಥೆ ಇದೆ. ಬಸ್ಸಿಗೆ, ಫೋನಿಗೆ ಆಯಿತು. ಇಎಂಐಗೆ ಸಾಲದು.

ನಮ್ಮ ಹಾಳೆ ಕೊನೆಗೆ ತುಮಕೂರಿನ ಬಿ.ಎ. ಕಡೆಗೇ ವಾಲಿತು. ಹುಡುಗಿಗೆ ಸಮಾಧಾನ ಇಲ್ಲ. "ಚಿಕ್ಕಮ್ಮ, ಬೆಂಗಳೂರಲ್ಲಿ ಸಿಗೋ ಪರಿಚಯ ಇಲ್ಲಿ ಸಿಗುತ್ತಾ?" ಅಂದಳು. ಒಳ್ಳೆಯ ಪ್ರಶ್ನೆಯೇ. ಪರಿಚಯಕ್ಕೂ ಬೆಲೆ ಇದೆ, ಅದನ್ನು ಹಾಳೆಯಲ್ಲಿ ಎಲ್ಲಿ ಬರೆಯುವುದು ನನಗೆ ಬಗೆಹರಿದಿಲ್ಲ. ಸದ್ಯಕ್ಕೆ ಪ್ರತಿ ಬೇಸಿಗೆ ರಜೆಗೆ ಬೆಂಗಳೂರಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್, ಪಿಜಿ ಬಾಡಿಗೆ ನನ್ನದು ಅಂತ ಒಪ್ಪಂದ ಆಗಿದೆ. ಭಾವ ಇನ್ನೂ ಬಾಯಿಬಿಟ್ಟು ಹೂಂ ಅಂದಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಕಾಲೇಜೊಂದು "ಸೀಟು ಹೋಗುತ್ತೆ, ಇವತ್ತೇ ಕಟ್ಟಿ" ಅಂತ ಫೋನ್ ಮಾಡಿದರೆ ಹೆದರಬೇಡಿ. ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗವಾದ ಯುಜಿಸಿಯ 2018ರ ನಿಯಮದಲ್ಲಿ, ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಮಾತ್ರ ಕಳೆದು ಪೂರ್ತಿ ಫೀಸು ವಾಪಸ್. ಕೊನೆ ದಿನಕ್ಕೆ 15 ದಿನದ ಒಳಗಾದರೆ ನೂರಕ್ಕೆ 90. ಕೊನೆ ದಿನ ಕಳೆದು 15 ದಿನದವರೆಗೆ 80, ಒಂದು ತಿಂಗಳೊಳಗೆ 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ, ತೋರಿಸಿ ವಾಪಸ್ ತಗೊಳ್ಳಿ. ಫೀಸು ಕಟ್ಟುವ ಮುಂಚೆ ಆ ಕಾಲೇಜಿನ ಪ್ರವೇಶದ ಕೊನೆ ದಿನ ಯಾವುದು ಅಂತ ಬರವಣಿಗೆಯಲ್ಲಿ ಕೇಳಿ, ರಸೀದಿಯ ಜೊತೆ ಪಿನ್ ಹೊಡೆದು ಇಟ್ಟುಕೊಳ್ಳಿ.